ಎಮರಿ ಹಿಡಿಯುವ ಮುನ್ನ ಪೀಸ್ ಅಳೆಯಿರಿ

ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ತಾರಿಹಾಳವಿರಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶವಿರಲಿ, ಹಿತ್ತಾಳೆ ತಗಡನ್ನು ಒತ್ತಿ ಕಪ್, ಸ್ಲೀವ್, ಕ್ಯಾಪ್ ಎಳೆಯುವ ಪ್ರೆಸ್ ಶಾಪ್‌ನಲ್ಲಿ ಬೈಗುಳ ತಿನ್ನುವುದು ಯಾವಾಗಲೂ ಕೊನೆಯ ಸೈಜಿಂಗ್ ಡೈ, ಅಂದರೆ ಪೀಸನ್ನು ತನ್ನ ರಂಧ್ರದಲ್ಲಿ ಹಾಯಿಸಿ ಕೊನೆಯ ಅಳತೆಗೆ ತರುವ ಉಕ್ಕಿನ ರಿಂಗ್. ಪೀಸಿನ ವ್ಯಾಸ ಹೆಚ್ಚಾಗಿ ದಪ್ಪ ಬಂತು, ಡೈಯಲ್ಲಿ ಸಿಕ್ಕಿಕೊಂಡಿತು, ಮೈಮೇಲೆ ಗೀರು ಬಿತ್ತು ಎಂದ ಕೂಡಲೇ ಆಪರೇಟರ್ ಕೈ ಡೈಯನ್ನು ಉಜ್ಜುವ ಎಮರಿ ಪೇಪರಿಗೆ ಹೋಗುತ್ತದೆ. ಆ ಕೈಯನ್ನು ತಡೆಯಬೇಕು. ಡೈಯ ರಂಧ್ರ ಒಮ್ಮೆ ದೊಡ್ಡದಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಡಿ2 ಎಂಬ ಟೂಲ್ ಸ್ಟೀಲನ್ನು ರಾಕ್‌ವೆಲ್ ಗಟ್ಟಿತನದ ಅಳತೆಯಲ್ಲಿ 60ರಿಂದ 62 ಎಚ್‌ಆರ್‌ಸಿಗೆ ಹದ ಹಾಕಿ ಗ್ರೈಂಡ್ ಮಾಡಿದ ರಿಂಗ್ ಕೆಟ್ಟರೆ ಹೊಸದೇ ಮಾಡಿಸಬೇಕು. ತಪ್ಪು ಬಹಳ ಸಲ ಡೈಯಲ್ಲಿ ಇರುವುದೇ ಇಲ್ಲ, ಅದರೊಳಗೆ ಹೋಗುವ ಹಿತ್ತಾಳೆಯಲ್ಲಿ ಇರುತ್ತದೆ.

ಹೊರವ್ಯಾಸ 40 ಮಿ.ಮೀ., ಗೋಡೆ 1 ಮಿ.ಮೀ. ಇರುವ ಕಪ್ಪನ್ನೇ ತೆಗೆದುಕೊಳ್ಳೋಣ. ಮೈಕ್ರೋಮೀಟರ್ ಹಿಡಿದು ತಳದ ಹತ್ತಿರ, ನಡುವೆ, ಬಾಯಿಯ ಹತ್ತಿರ ಅಳೆಯಿರಿ. ಒಂದೊಂದು ಕಡೆ ಎರಡು ಸಲ, ಎರಡನೆಯದು 90 ಡಿಗ್ರಿ ತಿರುಗಿಸಿ. ಆರೂ ಅಳತೆ ಒಂದೇ ಸಮ ಹೆಚ್ಚಿದ್ದರೆ ಹಿತ್ತಾಳೆ ಗಟ್ಟಿಯಾಗಿದೆ ಎಂದು ಮೊದಲು ಅನುಮಾನಿಸಿ. ಬಾಯಿ ಮಾತ್ರ ಅಗಲ ಬಂದರೆ ಎರಡು ಕಾರಣ: ಪ್ರೆಸ್ಸಿನ ಸ್ಟ್ರೋಕ್, ಅಂದರೆ ಅದು ಇಳಿಯುವ ದೂರ, ಕಡಿಮೆ ಬಿದ್ದು ಕಪ್ ಪೂರ್ತಿ ಒಳಗೆ ಹೋಗಿಲ್ಲ, ಇಲ್ಲವೇ ಎಳೆತದಲ್ಲಿ ಎಲ್ಲಕ್ಕಿಂತ ಹೆಚ್ಚು ಒತ್ತಿಸಿಕೊಂಡು ಗಟ್ಟಿಯಾದ ಆ ಅಂಚು ಡೈ ದಾಟಿದ ಮೇಲೆ ಹಿಗ್ಗಿದೆ. ಎರಡು ದಿಕ್ಕಿನ ಅಳತೆಗೆ ಹೊಂದಾಣಿಕೆ ಇಲ್ಲವೆಂದರೆ ಪೀಸ್ ಮೊಟ್ಟೆಯಾಕಾರಕ್ಕೆ ತಿರುಗಿದೆ. ಆಗ ಡೈಗೆ ಗುರುತು ಹಾಕಿ, ಹೋಲ್ಡರಿನಲ್ಲಿ 90 ಡಿಗ್ರಿ ತಿರುಗಿಸಿ ಕೂರಿಸಿ, ಇನ್ನೊಂದು ಪೀಸ್ ಒತ್ತಿ. ದಪ್ಪ ಕಡೆ ಡೈ ಜೊತೆಗೇ ತಿರುಗಿದರೆ ಡೈ ಸವೆದಿದೆ. ಇದ್ದಲ್ಲೇ ನಿಂತರೆ ಪ್ರೆಸ್ಸಿನಲ್ಲಿ ಮೇಲೆ ಕೆಳಗೆ ಓಡುವ ರ‍್ಯಾಮ್‌ನ ಗೈಡ್ ಸಡಿಲ, ಅಥವಾ ಪೀಸನ್ನು ಡೈಯೊಳಗೆ ತಳ್ಳುವ ಪಂಚ್ ನಡುವಿಗೆ ಇಲ್ಲ. ಐದು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಡೈಯನ್ನು ಟೂಲ್ ರೂಮಿಗೆ ಕಳಿಸಬೇಡಿ.

ಗಟ್ಟಿ ಹಿತ್ತಾಳೆ ಯಾಕೆ ದಪ್ಪ ಬರುತ್ತದೆ? ಅನೀಲ್ ಮಾಡಿದ (ಕಾಯಿಸಿ ಮೆತ್ತಗಾಗಿಸಿದ) 70/30 ಹಿತ್ತಾಳೆ, ಅಂದರೆ 70 ಪಾಲು ತಾಮ್ರ, 30 ಪಾಲು ಸತುವು, ಸುಮಾರು 100 ಮೆಗಾಪಾಸ್ಕಲ್ ಒತ್ತಡಕ್ಕೇ ಆಕಾರ ಬಿಟ್ಟುಕೊಡುತ್ತದೆ. ಎಳೆದು ಎಳೆದು ಗಟ್ಟಿಯಾದದ್ದಕ್ಕೆ 400 ದಾಟಬೇಕು. ಹಿಂದಕ್ಕೆ ಪುಟಿಯುವ ಗುಣ ಆ ಒತ್ತಡದ ಜೊತೆಗೇ ಏರುತ್ತದೆ. ಹಾಗಾಗಿ ಅದೇ ಡೈ, ಅದೇ ಪ್ರೆಸ್, ಅದೇ ಆಪರೇಟರ್ ಇದ್ದರೂ ಮೆತ್ತಗಿನ ಪೀಸ್ ಅಳತೆಗೆ ಬರುತ್ತದೆ, ಗಟ್ಟಿಯದು ಅಳತೆ ಪರೀಕ್ಷಿಸುವ ಗೇಜಿನಲ್ಲಿ ಇಳಿಯುವುದಿಲ್ಲ.

ಇಲ್ಲಿ ಅನೀಲಿಂಗ್ ಭಟ್ಟಿಯ ಟ್ರೇ ನೋಡಿ. ಪೀಸುಗಳನ್ನು ರಾಶಿ ಸುರಿದಿದ್ದರೆ ಅಂಚಿನವು ಬೇಗ ಕಾಯುತ್ತವೆ, ನಡುವಿನವು ಹಿಂದೆ ಬೀಳುತ್ತವೆ. ಪರಿಣಾಮ, ಒಂದೇ ಲಾಟಿನಲ್ಲಿ ಅರ್ಧ ಪಾಸು, ಅರ್ಧ ದಪ್ಪ. ಇಷ್ಟು ಅಡ್ಡಾದಿಡ್ಡಿ ಅಳತೆ ಕೊಡುವ ಶಕ್ತಿ ಡೈಗೆ ಇಲ್ಲ, ಅದು ಎಲ್ಲರಿಗೂ ಒಂದೇ ರಂಧ್ರ. ನಡುವಿನ ಪೀಸುಗಳೂ 550ರಿಂದ 600 ಡಿಗ್ರಿ ಮುಟ್ಟಿದ ಮೇಲೆ ಅರ್ಧ ಗಂಟೆ ಎಣಿಸಿ, ಭಟ್ಟಿಯ ಮೀಟರ್ ಮುಟ್ಟಿದಾಗಿನಿಂದ ಅಲ್ಲ. ನಡುವೆ ಕರೆಂಟ್ ಹೋದರೆ ಆ ಟ್ರೇಯನ್ನು ಬೇರೆ ಇಟ್ಟು ಮತ್ತೆ ಕಾಯಿಸಿ. ಹಿತ್ತಾಳೆಯನ್ನು ನೀರಿಗೆ ಹಾಕಿದರೆ ಉಕ್ಕಿನ ಹಾಗೆ ಗಟ್ಟಿಯಾಗುವುದಿಲ್ಲ, ಆ ಭಯ ಬೇಡ. ಆದರೆ ಕಾವು ಮೀರಿದರೆ ಒಳಗಿನ ಹರಳುಗಳು ಬೆಳೆದು, ಮುಂದಿನ ಎಳೆತದಲ್ಲಿ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಎಷ್ಟು ಪಾಲಿಶ್ ಮಾಡಿದರೂ ಪೂರ್ತಿ ಹೋಗದು. ಗ್ಯಾಸ್ ಟಾರ್ಚಿನಲ್ಲಿ ಕಾಯಿಸುವವರು ಬಿಳಿ ಹೊಗೆ ಕಂಡರೆ ತಕ್ಷಣ ನಿಲ್ಲಿಸಬೇಕು. ಅದು ಸತುವು ಹಾರಿಹೋಗುತ್ತಿರುವ ಗುರುತು, ಪುಪ್ಪುಸಕ್ಕೂ ಕೆಟ್ಟದ್ದು.

ಭಟ್ಟಿಯಿಂದ ಬಂದ ಕಪ್ಪು ಪದರವನ್ನು ಸುಮಾರು 10 ಶೇಕಡಾ ಗಂಧಕಾಮ್ಲದಲ್ಲಿ ತೆಗೆಯಬೇಕು. ಆಮ್ಲವನ್ನೇ ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದೂ ಅಲ್ಲ. ತೊಳೆಯದೆ ಉಳಿದ ಪದರ ಡೈಯನ್ನು ಮರಳಿನಂತೆ ಕೆರೆಯುತ್ತದೆ.

ಎಳೆತದ ಲೆಕ್ಕ ತಪ್ಪಿದ್ದರೂ ಏಟು ಬೀಳುವುದು ಸೈಜಿಂಗಿಗೇ. 40 ವ್ಯಾಸ, 40 ಎತ್ತರದ ಕಪ್ಪಿಗೆ ಬ್ಲ್ಯಾಂಕ್, ಅಂದರೆ ಎಳೆಯುವ ಮುನ್ನಿನ ದುಂಡು ತಗಡು, ಸುಮಾರು 89.4 ಮಿ.ಮೀ. ಬೇಕು, ವ್ಯಾಸದ ವರ್ಗಕ್ಕೆ ವ್ಯಾಸ ಗುಣಿಸು ಎತ್ತರದ ನಾಲ್ಕು ಪಟ್ಟು ಕೂಡಿಸಿ ವರ್ಗಮೂಲ ತೆಗೆದರೆ ಇದು ಬರುತ್ತದೆ, ಅಂಚು ಕತ್ತರಿಸುವ ಟ್ರಿಮ್ಮಿಂಗಿಗೆ ಬೇರೆ ಸೇರಿಸಿ. 89.4ರಿಂದ ಒಂದೇ ಸಲ 40ಕ್ಕೆ ಎಳೆದರೆ ತಳ ಹರಿಯುತ್ತದೆ. ಮೊದಲು 50ಕ್ಕೆ, ಅನೀಲ್ ಮಾಡಿ 40ರ ಸಮೀಪಕ್ಕೆ, ಕೊನೆಗೆ ಸೈಜಿಂಗ್. ಸೈಜಿಂಗಿನಲ್ಲಿ ಪಂಚ್ ಮತ್ತು ಡೈ ನಡುವೆ ಒಂದು ಬದಿಗೆ ತಗಡಿನ ದಪ್ಪದ 1.05 ಪಟ್ಟು ಅಂತರ ಸಾಕು. ಮೊದಲ ಎಳೆತದ 1.1 ಪಟ್ಟನ್ನೇ ಇಲ್ಲೂ ಇಟ್ಟರೆ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ.

ಗೀರಿನ ವಿಷಯ. ಕಪ್ ಹಾಕುವಾಗ ಒಂದು ಬದಿಗೆ ಮಾರ್ಕರ್ ಗೆರೆ ಎಳೆದು, ಗೆರೆ ಸದಾ ನಿಮ್ಮ ಕಡೆಗೇ ಇರುವಂತೆ ಹತ್ತು ಪೀಸ್ ಒತ್ತಿ. ಗೀರು ಪ್ರತಿ ಸಲ ಅದೇ ಜಾಗದಲ್ಲಿ ಬಿದ್ದರೆ ಡೈ ಗೋಡೆಗೆ ಹಿತ್ತಾಳೆ ಅಂಟಿದೆ. ಎಲ್ಲೆಂದರಲ್ಲಿ ಬಿದ್ದರೆ ಅದು ಧೂಳು, ಇಲ್ಲವೇ ತೊಳೆಯದ ಪದರ. ಮಳೆಗಾಲಕ್ಕೆ ಮುಂಚೆ ಗಾಳಿ ಏಳುವ ದಿನಗಳಲ್ಲಿ ಎಣ್ಣೆ ಡಬ್ಬಿಗೆ ಮುಚ್ಚಳ ಇಲ್ಲದಿದ್ದರೆ ಧೂಳಿನ ಗೀರೇ ಹೆಚ್ಚು. ಅಂಟಿದ ಹಿತ್ತಾಳೆ ತೆಗೆಯಲು ಗಟ್ಟಿ ಮರದ ಕೋಲಿಗೆ 6 ಮೈಕ್ರಾನ್, ಆಮೇಲೆ 3 ಮೈಕ್ರಾನ್ ಡೈಮಂಡ್ ಪೇಸ್ಟ್ ಹಚ್ಚಿ, ಪೀಸ್ ಹೋಗುವ ದಿಕ್ಕಿಗೇ ಉಜ್ಜಿ. ಹಳದಿ ಬಣ್ಣ ಹೋದ ಕೂಡಲೇ ನಿಲ್ಲಿಸಿ, ಬೋರ್ ಗೇಜಿನಿಂದ ಡೈಯ ರಂಧ್ರ ಅಳೆಯಿರಿ.

ಎಣ್ಣೆ ಕಡಿಮೆಯಾದರೆ ಪೀಸ್ ಕಚ್ಚಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ತೊಂದರೆ: ಎಣ್ಣೆಗೆ ಕುಗ್ಗುವ ಗುಣ ಇಲ್ಲ, ಅದು ಸಿಕ್ಕಿಬಿದ್ದಲ್ಲಿ ಗೋಡೆ ಒಳಕ್ಕೆ ತಗ್ಗು ಬೀಳುತ್ತದೆ. ಗಂಧಕ ಬೆರೆಸಿದ ಡ್ರಾಯಿಂಗ್ ಆಯಿಲ್ ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ, ಬೇಡ. ಕಪ್ ಪಂಚಿಗೇ ಅಂಟಿ ಬರುತ್ತಿದ್ದರೆ ಪಂಚಿನ ನಡುವೆ 3ರಿಂದ 5 ಮಿ.ಮೀ. ಗಾಳಿರಂಧ್ರ ಇದೆಯೇ, ಅದು ಮುಚ್ಚಿಹೋಗಿಲ್ಲವೇ ನೋಡಿ.

ಎಲ್ಲ ಸರಿಯಾಗಿ ಗೇಜ್ ಪಾಸಾದ ಪೀಸ್ ಗೋಡೌನಿನಲ್ಲಿ ತಾನಾಗಿ ಉದ್ದುದ್ದ ಸೀಳಿದರೆ ಅದನ್ನೂ ಡೈ ಮೇಲೆ ಹೊರಿಸುತ್ತಾರೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೇನಾ ಉಗ್ರಾಣಗಳಲ್ಲಿ ಇದೇ 70/30 ಹಿತ್ತಾಳೆಯ ಬಂದೂಕಿನ ತೋಟಾಗಳು ಮಳೆಗಾಲದಲ್ಲಿ ಹೀಗೆಯೇ ಸೀಳುತ್ತಿದ್ದವು. ಕುದುರೆ ಲಾಯದ ಮೂತ್ರದಿಂದ ಏಳುವ ಅಮೋನಿಯಾ, ತೇವ, ಎಳೆತದಲ್ಲಿ ಒಳಗೆ ಉಳಿದ ಒತ್ತಡ, ಈ ಮೂರು ಕೂಡಿದ್ದೇ ಕಾರಣವೆಂದು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ 1921ರಲ್ಲಿ ವಿವರಿಸಿದರು. ಗದಗ, ಹಾವೇರಿ ಕಡೆ ಜಾಬ್ ವರ್ಕ್ ಮಾಡಿ ಮಾಲನ್ನು ದನದ ಕೊಟ್ಟಿಗೆ ಪಕ್ಕದಲ್ಲೋ ಯೂರಿಯಾ ಚೀಲಗಳ ಜೊತೆಗೋ ಇಡುವವರಿಗೆ ಅಪಾಯ ಅಷ್ಟೇ ಇದೆ. ಸೈಜಿಂಗ್ ಆದ ಮೇಲೆ ಸುಮಾರು 260 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಒಳಗಿನ ಒತ್ತಡ ಇಳಿಯುತ್ತದೆ, ಗಟ್ಟಿತನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಈ ಕಾವಿನಲ್ಲಿ ವ್ಯಾಸ ಸ್ವಲ್ಪ ಅಲುಗಬಹುದು, ಆದ್ದರಿಂದ ಕೊನೆಯ ಗೇಜಿಂಗ್ ಇದಾದ ಮೇಲೆಯೇ ಮಾಡಿ.