ಮಳೆಗಾಲದಲ್ಲಿ ಗ್ರಿನ್ಯಾರ್ಡ್ ಬೇಡ

ಕಾರವಾರದಲ್ಲಿ ಜುಲೈ ತಿಂಗಳಲ್ಲಿ ಗ್ರಿನ್ಯಾರ್ಡ್ ಪ್ರಯೋಗ, ಅಂದರೆ ಮೆಗ್ನೀಶಿಯಂ ಬಳಸಿ ಆಲ್ಕೋಹಾಲ್ ತಯಾರಿಸುವ ಪ್ರಯೋಗ, ಇಟ್ಟುಕೊಳ್ಳಬೇಡಿ ಅಂತ ಹೊಸ ಉಪನ್ಯಾಸಕರಿಗೆ ಮೊದಲೇ ಹೇಳುತ್ತೇನೆ. ಭರಣಿಯಲ್ಲಿಟ್ಟ ಉಪ್ಪೇ ನೀರು ಬಿಡುವ ಕಾಲ ಅದು.

ಆಲ್ಕೋಹಾಲ್ ತಯಾರಿಸುವ ವಿಧಾನಗಳನ್ನು ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ವಿಧಾನಕ್ಕೆ ನೀರು ಆಗಿಬರುತ್ತದೋ, ಇಲ್ಲವೋ?

ಗ್ರಿನ್ಯಾರ್ಡ್‌ಗೆ ಆಗಿಬರುವುದಿಲ್ಲ. ಒಣಗಿಸಿದ ಫ್ಲಾಸ್ಕಿನಲ್ಲಿ ಮೆಗ್ನೀಶಿಯಂ ಚೂರು, ಒಣ ಈಥರ್, ಸ್ವಲ್ಪ ಆಲ್ಕೈಲ್ ಬ್ರೋಮೈಡ್, ಒಂದು ಹರಳು ಅಯೋಡಿನ್. ಎಲ್ಲ ಸರಿಯಿದ್ದರೆ ಅಯೋಡಿನ್ನಿನ ಕಂದು ಬಣ್ಣ ಮಾಯವಾಗುತ್ತದೆ, ದ್ರವ ಮಂಕಾಗುತ್ತದೆ, ಈಥರ್ ತಾನಾಗಿಯೇ ಕುದಿಯತೊಡಗುತ್ತದೆ. ತೇವ ಹೊಕ್ಕರೆ ಕ್ರಿಯೆ ಶುರುವಾಗುವುದೇ ಕಷ್ಟ. ಶುರುವಾದರೂ ಹುಟ್ಟಿದ ಗ್ರಿನ್ಯಾರ್ಡ್ ಸಂಯುಕ್ತ ನೀರಿನ ಜೊತೆ ಸೇರಿ ಬರೀ ಆಲ್ಕೇನ್ ಆಗಿಹೋಗುತ್ತದೆ, ಆಲ್ಕೋಹಾಲ್ ಸಿಗುವುದಿಲ್ಲ. ಬೇಸಿಗೆಯಲ್ಲೂ ಹುಷಾರಾಗಿರಬೇಕು. ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ, ನಮ್ಮ ಮೇ ತಿಂಗಳ ಮಧ್ಯಾಹ್ನವೂ ಅಷ್ಟೇ ಅಲ್ವಾ?

ಇಷ್ಟಾದರೂ ಈ ವಿಧಾನ ಬಿಡಲಾಗದು. 1912ರಲ್ಲಿ ವಿಕ್ಟರ್ ಗ್ರಿನ್ಯಾರ್ಡ್‌ಗೆ ನೊಬೆಲ್ ಬಂದದ್ದು ಇದಕ್ಕೇ. ಆಲ್ಕೋಹಾಲ್ ಮಾಡುತ್ತಲೇ ಇಂಗಾಲದ ಸರಪಳಿಯನ್ನೂ ಇದು ಬೆಳೆಸುತ್ತದೆ. ಫಾರ್ಮಾಲ್ಡಿಹೈಡ್ ಕೊಟ್ಟರೆ ಪ್ರಾಥಮಿಕ, ಬೇರೆ ಆಲ್ಡಿಹೈಡ್ ಕೊಟ್ಟರೆ ದ್ವಿತೀಯಕ, ಕೀಟೋನ್ ಕೊಟ್ಟರೆ ತೃತೀಯಕ ಆಲ್ಕೋಹಾಲ್.

ಸರಪಳಿ ಬೆಳೆಸಬೇಕಿಲ್ಲದಿದ್ದರೆ, ಕೀಟೋನನ್ನು ಆಲ್ಕೋಹಾಲ್ ಮಾಡಲು ಸೋಡಿಯಂ ಬೋರೋಹೈಡ್ರೈಡ್ ಸಾಕು. ಕೀಟೋನನ್ನು ಮೆಥನಾಲಿನಲ್ಲಿ ಕರಗಿಸಿ, ಐಸ್ ಮೇಲಿಟ್ಟು, ಪುಡಿಯನ್ನು ಚೂರುಚೂರೇ ಹಾಕಬೇಕು. ಗಾಳಿಯ ತೇವ ಇದನ್ನು ಕೆಡಿಸುವುದಿಲ್ಲ. ಇದರಣ್ಣ ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ ಎಸ್ಟರನ್ನೂ ಬಿಡದೆ ಆಲ್ಕೋಹಾಲ್ ಮಾಡುತ್ತದೆ. ಆದರೆ ನೀರು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಡಿ.

ಹೊಸ ದಾರಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಿಣ್ವಗಳದ್ದು. ಎಷ್ಟೋ ಆಲ್ಕೋಹಾಲ್‌ಗಳಿಗೆ ಎಡಗೈ, ಬಲಗೈಗಳಂತೆ ಎರಡು ರೂಪಗಳಿರುತ್ತವೆ. ಬೋರೋಹೈಡ್ರೈಡ್ ಸಾಮಾನ್ಯವಾಗಿ ಎರಡನ್ನೂ ಸಮಸಮ ಕೊಡುತ್ತದೆ. ಔಷಧಿಗೆ ಬೇಕಾದದ್ದು ಹೆಚ್ಚಾಗಿ ಒಂದೇ. ಅಟೋರ್ವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಗೆ ಬೇಕಾದ ಆಲ್ಕೋಹಾಲನ್ನು ಕೀಟೋರಿಡಕ್ಟೇಸ್ ಕಿಣ್ವದಿಂದ ಮಾಡುವ ವಿಧಾನ ಬಂದಿರುವುದು ಅದಕ್ಕೇ. ಅದು ನಡೆಯುವುದು ನೀರಿನಲ್ಲೇ!

ಇದನ್ನು ಕಾಲೇಜಿನಲ್ಲೂ ತೋರಿಸಬಹುದು, ಇಂಥ ಕಿಣ್ವ ಯೀಸ್ಟಿನಲ್ಲೇ ಇದೆ. ಬೇಕರಿ ಯೀಸ್ಟಿಗೆ ಉಗುರುಬೆಚ್ಚಗಿನ ನೀರು, ಸಕ್ಕರೆ ಹಾಕಿ. ನೊರೆ ಎದ್ದ ಮೇಲೆ ಈಥೈಲ್ ಅಸಿಟೋಅಸಿಟೇಟ್ ಎಂಬ ಕೀಟೋನ್ ಬೆರೆಸಿ. ಒಂದೆರಡು ದಿನ ಬೇಕು, ಸಿಗುವುದು ಬಹುಪಾಲು ಒಂದೇ ರೂಪ. ತಾಪತ್ರಯ ಇರುವುದು ಕೊನೆಗೆ. ಯೀಸ್ಟಿನ ಕೆಸರು ಇರುವುದರಿಂದ ನೀರಿನ ಪದರ, ದ್ರಾವಕದ ಪದರ ಬೇರೆಯಾಗುವುದಿಲ್ಲ. ಸೆಲೈಟ್ ಎಂಬ ಸೋಸುವ ಪುಡಿ ಹಾಕಿ ನಿಧಾನವಾಗಿ ಸೋಸಿ, ಉಪ್ಪು ಬೆರೆಸಿ, ಆಮೇಲೆ ಈಥೈಲ್ ಅಸಿಟೇಟಿನಲ್ಲಿ ಹೊರತೆಗೆಯಿರಿ.