ಡೆಂಡ್ರಿಟಿಕ್ ಕೋಶ ದುಗ್ಧಗ್ರಂಥಿಯ ದಾರಿ ಹಿಡಿಯುವುದು ಹೇಗೆ?

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಒಂದೆರಡು ದಿನದಲ್ಲಿ ತೊಡೆಸಂದಿಯಲ್ಲಿ ಗಂಟು ಬರುತ್ತದೆ. ಮುಟ್ಟಿದರೆ ನೋವು. ಗಾಯ ಆಗಿದ್ದು ಪಾದದಲ್ಲಿ, ಗಂಟು ಮಾತ್ರ ಅಷ್ಟು ಮೇಲೆ ಯಾಕೆ?

ಅದು ಊದಿಕೊಂಡ ದುಗ್ಧಗ್ರಂಥಿ (ಲಿಂಫ್ ನೋಡ್). ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಒಂದು ಬಗೆ. ಇನ್ನೂ ಶತ್ರುವನ್ನು ಕಾಣದ ಟಿ ಕೋಶಗಳು ಗಾಯದ ಹತ್ತಿರ ಬರುವುದಿಲ್ಲ, ರಕ್ತ ಮತ್ತು ಗ್ರಂಥಿಗಳ ನಡುವೆಯೇ ಸುತ್ತುತ್ತಿರುತ್ತವೆ. ಸುದ್ದಿಯನ್ನು ಅಲ್ಲಿಗೆ ಹೊತ್ತೊಯ್ಯುವುದು ಡೆಂಡ್ರಿಟಿಕ್ ಕೋಶ. ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್‌ವಿಲ್ ಕೋನ್ 1973ರಲ್ಲಿ ಇಲಿಗಳಲ್ಲಿ ಗುರುತಿಸಿದ, ಮರದ ಕೊಂಬೆಗಳಂತೆ ಕೈ ಚಾಚಿದ ಕೋಶ ಇದು.

ಇದಕ್ಕೆ ದಾರಿ ಗೊತ್ತಾಗುವುದು ಮೈಮೇಲಿನ ಕೀಮೋಕೈನ್ ಗ್ರಾಹಿಗಳಿಂದ, ಅಂದರೆ ಕೋಶಗಳನ್ನು ಸೆಳೆಯುವ ಪುಟ್ಟ ಪ್ರೋಟೀನ್‌ಗಳನ್ನು (ಕೀಮೋಕೈನ್) ಹಿಡಿಯುವ ಅಣುಗಳಿಂದ. ಎಳೆಯ ಕೋಶದಲ್ಲಿ ಸಿಸಿಆರ್1, ಸಿಸಿಆರ್5, ಸಿಸಿಆರ್6ನಂಥವು ಇರುತ್ತವೆ. ಅವು ಕೋಶವನ್ನು ಉರಿಯೂತದ ಕಡೆಗೆ ಎಳೆಯುತ್ತವೆ. ರೋಗಾಣುವಿನ ಸುಳಿವು ಸಿಕ್ಕ ಕೂಡಲೇ ಲೆಕ್ಕ ಬದಲಾಗುತ್ತದೆ. ಹಳೆಯ ಗ್ರಾಹಿಗಳು ಕಡಿಮೆಯಾಗಿ ಸಿಸಿಆರ್7 ಜಾಸ್ತಿಯಾಗುತ್ತದೆ. ಈಗ ಕೋಶಕ್ಕೆ ಬೇಕಾಗಿರುವುದು ಸಿಸಿಆರ್7 ಹಿಡಿಯುವ ಕೀಮೋಕೈನ್‌ಗಳಾದ ಸಿಸಿಎಲ್19 ಮತ್ತು ಸಿಸಿಎಲ್21.

ಬೆಲ್ಲದ ವಾಸನೆಗೆ ಇರುವೆ ಬಂದ ಹಾಗೆ ಅಂತ ಸುಮ್ನೆ ಬರೆದುಕೊಂಡರೆ ಸಾಲದು. ಸಿಸಿಎಲ್21 ಗಾಳಿಯ ವಾಸನೆಯಂತೆ ಹರಡಿ ಹೋಗುವುದಿಲ್ಲ. ಅದರ ಬಾಲದಂಥ ತುದಿ ಅಂಗಾಂಶದ ಸಕ್ಕರೆ ಸರಪಳಿಗಳಿಗೆ ಅಂಟಿಕೊಳ್ಳುತ್ತದೆ. ನೆಲಕ್ಕೆ ಚೆಲ್ಲಿದ ಬೆಲ್ಲದ ಪಾಕ ಅಂದುಕೊಳ್ಳಿ: ಗ್ರಂಥಿಗೆ ಹೋಗುವ ದುಗ್ಧನಾಳದ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಕೋಶ ದಟ್ಟವಾದ ಕಡೆಗೆ ತೆವಳುತ್ತದೆ, ನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಸಿಸಿಆರ್7 ಇಲ್ಲದಿದ್ದರೆ? 1999ರಲ್ಲಿ ಆ ಜೀನ್ ತೆಗೆದ ಇಲಿಗಳಲ್ಲಿ ಚರ್ಮದ ಡೆಂಡ್ರಿಟಿಕ್ ಕೋಶಗಳು ಎಚ್ಚರಗೊಂಡರೂ ಗ್ರಂಥಿ ತಲುಪಲಿಲ್ಲ. ಟಿ ಕೋಶಗಳ ಪ್ರತಿಕ್ರಿಯೆ ಸೊರಗಿತು, ಆಂಟಿಬಾಡಿ ಬರುವುದು ತಡವಾಯಿತು.

ಎಕ್ಸ್‌ಸಿಆರ್1 ಗ್ರಾಹಿಯನ್ನೂ ನೆನಪಿಡಿ. ಅದು ಡೆಂಡ್ರಿಟಿಕ್ ಕೋಶಗಳಲ್ಲೇ ಸಿಡಿಸಿ1 ಎಂಬ ಗುಂಪಿನ ಗುರುತು. ಸೋಂಕಾದ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶ, ಎನ್‌ಕೆ ಕೋಶಗಳು ಬಿಡುವ ಎಕ್ಸ್‌ಸಿಎಲ್1 ಎಂಬ ಕೀಮೋಕೈನ್‌ಗೆ ಓಗೊಡುತ್ತದೆ.

ಪರೀಕ್ಷೆಯಲ್ಲಿ ಎಡವುವ ಜಾಗ ಒಂದಿದೆ. ಸಿಸಿಆರ್7 ಇದ್ದರೆ ದಾಳಿ ಖಚಿತ ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಸೋಂಕೇ ಇಲ್ಲದ ದಿನವೂ ಕೆಲವು ಕೋಶಗಳು ಇದೇ ಗ್ರಾಹಿಯ ಬಲದಿಂದ ನಮ್ಮದೇ ಪ್ರೋಟೀನ್ ಹೊತ್ತು ಗ್ರಂಥಿಗೆ ಹೋಗುತ್ತವೆ. ಟಿ ಕೋಶವನ್ನು ಕೆರಳಿಸಲು ಬೇಕಾದ ಸಿಡಿ80, ಸಿಡಿ86 ಅಣುಗಳು ಸಾಕಷ್ಟಿಲ್ಲದೆ, ಉರಿಯೂತದ ಸೈಟೊಕೈನ್‌ಗಳೂ (ಕೋಶಗಳ ನಡುವಿನ ಸಂದೇಶ ಪ್ರೋಟೀನ್‌ಗಳು) ಇಲ್ಲದೆ ಆ ಪ್ರೋಟೀನ್ ತೋರಿಸಿದಾಗ ಟಿ ಕೋಶ ಕೆರಳುವುದಿಲ್ಲ. ಅದು ಸುಮ್ಮನಾಗುತ್ತದೆ, ಸಾಯುತ್ತದೆ, ಇಲ್ಲವೇ ಉಳಿದವನ್ನು ತಡೆಯುವ ನಿಯಂತ್ರಕ ಕೋಶವಾಗುತ್ತದೆ.