ಪಿಎಚ್‌ಪಿ ಸತ್ತುಹೋಗಿದೆಯಂತಲ್ಲ ಸಾರ್, ಈಗ ಕಲಿಬೇಕಾ?

ಪ್ರಶ್ನೆ: ಸಾರ್, ನಾನು ದಾವಣಗೆರೆಯಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ಊರು ಜಗಳೂರು ಹತ್ತಿರ. ವೆಬ್ ಅಪ್ಲಿಕೇಶನ್ ಮಾಡೋದು ಕಲಿಯಬೇಕು ಅಂತ ಆಸೆ. ನಮ್ಮ ಸಿಲಬಸ್‌ನಲ್ಲಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದೆ. ಆದರೆ ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮ ಮಾವನ ಮಗ, 'ಅದು ಸತ್ತು ಎಷ್ಟೋ ವರ್ಷ ಆಯ್ತು, ಸುಮ್ನೆ ಟೈಮ್ ವೇಸ್ಟ್' ಅಂದ. ಕಲಿಯಲೋ ಬೇಡವೋ?

ಉತ್ತರ: ಕಲಿಯಿರಿ.

ಇಷ್ಟು ಬರೆದು ಮುಗಿಸಿಬಿಡಬಹುದಿತ್ತು. ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತಿರುವುದು ಎಷ್ಟನೇ ಸಲವೋ, ಲೆಕ್ಕ ಇಟ್ಟಿಲ್ಲ. ಕೇಳುವವರ ಊರು ಬದಲಾಗುತ್ತದೆ. ಒಮ್ಮೆ ಹರಿಹರ, ಒಮ್ಮೆ ಹೊಳಲ್ಕೆರೆ, ಈ ಸಲ ಜಗಳೂರು. ಬೆಂಗಳೂರಿನ ಮಾವನ ಮಗ ಮಾತ್ರ ಬದಲಾಗುವುದಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಇದ್ದಾನೆ. ಹಬ್ಬಕ್ಕೆ ಬರುತ್ತಾನೆ, ಹೋಳಿಗೆ ತಿನ್ನುತ್ತಾನೆ, 'ಅದು ಡೆಡ್ ಕಣೋ' ಅಂದು ರಾತ್ರಿ ಬಸ್ ಹತ್ತುತ್ತಾನೆ. ಆಮೇಲೆ ಹುಡುಗರಿಗೆ ನಿದ್ದೆ ಬರಲ್ಲ, ನನಗೆ ಪತ್ರ ಬರುತ್ತೆ.

ಸತ್ತದ್ದು ಹೇಗಿರುತ್ತೆ ಅಂತ ದಾವಣಗೆರೆಯವರಿಗೆ ಬೇರೆಯವರು ಹೇಳಿಕೊಡಬೇಕಾ? ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಹತ್ತಿ ಮಿಲ್ಲುಗಳು ಮುಚ್ಚಿದಾಗ ಏನಾಯಿತು ಅಂತ ಮನೆಯ ಹಿರಿಯರನ್ನು ಕೇಳಿ. ಶಿಫ್ಟ್ ಇಲ್ಲ, ನೂಲು ಇಲ್ಲ, ಮಗ್ಗ ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಸಾವು ಅಂದರೆ ಅದು. ಪಿಎಚ್‌ಪಿಗೆ 2020ರ ನವೆಂಬರ್‌ನಲ್ಲಿ 8.0 ಬಂತು. ಅಲ್ಲಿಂದ ವರ್ಷಕ್ಕೊಂದು ಹೊಸ ಆವೃತ್ತಿ, ನವೆಂಬರ್ ಇಲ್ಲವೇ ಡಿಸೆಂಬರ್ ಹೊತ್ತಿಗೆ, ಒಂದು ವರ್ಷವೂ ತಪ್ಪದೆ ಬಂದಿದೆ. ದೋಷ ಸಿಕ್ಕರೆ ತಿದ್ದುತ್ತಾರೆ, ಹಳೆಯ ಕಸ ಗುಡಿಸುತ್ತಾರೆ. ಹೆಣಕ್ಕೆ ಯಾರೂ ವರ್ಷಾ ವರ್ಷ ಹೊಸ ಬಟ್ಟೆ ಹೊಲಿಸಲ್ಲ.

ಹಾಗಾದರೆ ಈ ಸಾವಿನ ಸುದ್ದಿ ಹುಟ್ಟಿದ್ದೆಲ್ಲಿ? ನನಗೆ ಒಂದು ಅನುಮಾನ ಮೊದಲಿಂದಲೂ ಇತ್ತು. ಮೊನ್ನೆ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತಂದಾಗ ಅದು ಗಟ್ಟಿಯಾಯಿತು. 'ಸಾರ್, ನೋಟ್ಸ್‌ನಲ್ಲಿ ಇದ್ದಂಗೇ ಟೈಪ್ ಮಾಡಿದೀನಿ, ಓಡ್ತಿಲ್ಲ' ಅಂದಳು. ಪರದೆ ಮೇಲೆ ಒಂದೇ ಸಾಲು: ಮೈಎಸ್‌ಕ್ಯೂಎಲ್_ಕನೆಕ್ಟ್ ಅನ್ನುವ ಫಂಕ್ಷನ್ನೇ ಇಲ್ಲ ಅಂತ. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ಗೆ ಸಂಪರ್ಕ ಕೊಡುತ್ತಿದ್ದ ಹಳೇ ಫಂಕ್ಷನ್ ಅದು. ನೋಟ್ಸ್ ಕೊಡಮ್ಮ ಅಂದೆ. ಸ್ಪೈರಲ್ ಬೈಂಡಿಂಗ್, ಸೀನಿಯರ್‌ನಿಂದ ಜೂನಿಯರ್‌ಗೆ, ಅವರಿಂದ ಇವಳಿಗೆ. ಜೆರಾಕ್ಸ್‌ನ ಜೆರಾಕ್ಸ್‌ನ ಜೆರಾಕ್ಸ್. ಅದೇ ಸಾಲಿನ ಪಕ್ಕ ಯಾರೋ ಪುಣ್ಯಾತ್ಮರು ಮೂರು ಸ್ಟಾರ್ ಹಾಕಿ 'ಇಂಪ್' ಅಂತ ಬೇರೆ ಬರೆದಿದ್ದರು.

ಆ ಫಂಕ್ಷನ್ ಬಳಸಬೇಡಿ ಅಂತ 2013ರಲ್ಲಿ, 5.5 ಆವೃತ್ತಿಯಲ್ಲೇ ಎಚ್ಚರಿಕೆ ಕೊಟ್ಟಿದ್ದರು. 2015ರ ಡಿಸೆಂಬರ್‌ನಲ್ಲಿ 7.0 ಬಂದಾಗ ಕಿತ್ತೇ ಹಾಕಿದರು. ಅದರ ಜಾಗಕ್ಕೆ ಪಿಡಿಒ ಇದೆ, ಮೈಎಸ್‌ಕ್ಯೂಎಲ್‌ಐ ಇದೆ. ಎರಡೂ ಅದಕ್ಕಿಂತ ಎಷ್ಟೋ ಮೊದಲಿನಿಂದಲೇ ಇದ್ದವು. ಜೆರಾಕ್ಸ್ ಅಂಗಡಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಹುಡುಗರು ಟೈಪ್ ಮಾಡುತ್ತಾರೆ, ಎರರ್ ಬರುತ್ತೆ, 'ಭಾಷೆಯೇ ಹೋಗಿದೆ' ಅಂದುಕೊಳ್ಳುತ್ತಾರೆ. ಅಲ್ರೀ, ಹೋದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಮುಹೂರ್ತ ನೋಡಿದರೆ ತಪ್ಪು ಸೂರ್ಯನದ್ದಾ?

ಮಾವನ ಮಗನದೂ ಪೂರ್ತಿ ತಪ್ಪಲ್ಲ, ಅದನ್ನೂ ಹೇಳಬೇಕು. ಹಳೇ ಪಿಎಚ್‌ಪಿ ನಾಚಿಕೆಗೇಡಿನ ಕೆಲಸಗಳನ್ನು ಮಾಡಿಸಿದೆ. ರಿಜಿಸ್ಟರ್ ಗ್ಲೋಬಲ್ಸ್ ಅಂತ ಒಂದು ಸೆಟ್ಟಿಂಗ್ ಇತ್ತು. ಅದು ಆನ್ ಇದ್ದರೆ, ವಿಳಾಸದ ಕೊನೆಗೆ ನಾವೇ 'ಅಡ್ಮಿನ್ ಅಂದರೆ 1' ಅಂತ ಸೇರಿಸಿ ಎಂಟರ್ ಒತ್ತಬಹುದಿತ್ತು. ಕೋಡ್ ಬರೆದವನು ಸ್ವಲ್ಪ ಮೈಮರೆತಿದ್ದರೆ ನಾವೇ ಅಡ್ಮಿನ್! 2002ರವರೆಗೆ ಇದು ತಾನಾಗಿಯೇ ಆನ್ ಆಗಿರುತ್ತಿತ್ತು. 2012ರಲ್ಲಿ, 5.4 ಬಂದಾಗ, ಪೂರ್ತಿ ತೆಗೆದರು. ಫಾರ್ಮ್‌ನಲ್ಲಿ ಬಂದದ್ದನ್ನು ಹಾಗೇ ಎಸ್‌ಕ್ಯೂಎಲ್ ಸಾಲಿನೊಳಗೆ, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶದೊಳಗೆ, ಅಂಟಿಸುವ ಚಾಳಿಯಂತೂ ಇವತ್ತಿಗೂ ಹೋಗಿಲ್ಲ. ನನ್ನ ಹುಡುಗರು ಹಾಗೆ ಬರೆದರೆ ಮುಂದಿನ ಪಾಠ ಇಲ್ಲ. ಆದೇಶವನ್ನು ಮೊದಲು ಪ್ರಿಪೇರ್ ಮಾಡಿ, ಮಾಹಿತಿಯನ್ನು ಬೇರೆಯಾಗಿ ಕೊಟ್ಟು ಎಕ್ಸಿಕ್ಯೂಟ್ ಮಾಡುವುದು ಕೈಗೆ ಹತ್ತುವ ತನಕ ಅದೇ ಪುಟ. ಜಿಪುಣ ಮೇಷ್ಟ್ರು ಅಂತಾರೆ, ಅನ್ನಲಿ.

ಫೇಸ್‌ಬುಕ್ ಬಿಟ್ಟಿತಲ್ಲ ಅನ್ನುವವರೂ ಇದ್ದಾರೆ. ನಿಜ. 2004ರಲ್ಲಿ ಪಿಎಚ್‌ಪಿಯಲ್ಲಿ ಶುರುವಾದ ಫೇಸ್‌ಬುಕ್, 2014ರಲ್ಲಿ ಹ್ಯಾಕ್ ಅನ್ನುವ ತನ್ನದೇ ಭಾಷೆ ತಂದಿತು. ಅದೂ ಪಿಎಚ್‌ಪಿಯ ಹೊಟ್ಟೆಯಲ್ಲೇ ಹುಟ್ಟಿದ ಕೂಸು. ನೂರಾರು ಕೋಟಿ ಜನ ಬಳಸುವ ಕಂಪನಿಯ ಕಷ್ಟ ಬೇರೆ, ಜಗಳೂರಿನ ಬೀಜ-ಗೊಬ್ಬರದ ಅಂಗಡಿಯ ಕಷ್ಟ ಬೇರೆ.

ಇನ್ನು ಬದುಕಿರುವುದಕ್ಕೆ ಸಾಕ್ಷಿ. ನೀವು ಪರೀಕ್ಷೆ ಹಿಂದಿನ ರಾತ್ರಿ ತೆರೆಯುವ ವಿಕಿಪೀಡಿಯ, ಕನ್ನಡ ವಿಕಿಪೀಡಿಯವೂ ಸೇರಿ, ಮೀಡಿಯಾವಿಕಿ ಮೇಲೆ ನಡೆಯುತ್ತದೆ. ಅದು ಪಿಎಚ್‌ಪಿ. ವೆಬ್‌ಸೈಟ್ ಕಟ್ಟಲು ಬಳಸುವ, 2003ರಲ್ಲಿ ಬಂದ ವರ್ಡ್‌ಪ್ರೆಸ್ ಪಿಎಚ್‌ಪಿ. ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಹಾಕಿಸಿಕೊಳ್ಳುವ ಮೂಡಲ್ ಕೂಡ ಅದೇ. ಸರ್ವರ್ ಕಡೆ ಯಾವ ಭಾಷೆ ಇದೆ ಅಂತ ಪತ್ತೆಯಾದ ವೆಬ್‌ಸೈಟ್‌ಗಳಲ್ಲಿ ನಾಲ್ಕಕ್ಕೆ ಹತ್ತಿರಹತ್ತಿರ ಮೂರು ಪಿಎಚ್‌ಪಿಯವು ಅನ್ನುತ್ತದೆ ಇಂಥದ್ದನ್ನೆಲ್ಲ ಎಣಿಸುವ ಡಬ್ಲ್ಯು3ಟೆಕ್ಸ್‌ನ ಲೆಕ್ಕ. ಆದರೆ ಇದನ್ನು ಕೇಳಿ ಕುಣಿಯಬೇಡಿ. ಅದರಲ್ಲಿ ಬಹುಪಾಲು ವರ್ಡ್‌ಪ್ರೆಸ್. ನಾಲ್ಕರಲ್ಲಿ ಮೂರು ಸೈಟ್ ಅಂದರೆ ನಾಲ್ಕರಲ್ಲಿ ಮೂರು ಕೆಲಸ ಅಂತ ಅರ್ಥ ಅಲ್ಲ. ಬೆಂಗಳೂರಿನ ದೊಡ್ಡ ಕಂಪನಿಗೇ ಹೋಗಬೇಕು ಅನ್ನುವವರು ಜಾವಾನೋ ನೋಡ್ ಜೆಎಸ್ಸೋ ಮುಂದೆ ಕಲಿಯಲೇಬೇಕಾದೀತು. ಮೊದಲನೇ ಭಾಷೆ ಗಟ್ಟಿಯಾಗಿದ್ದರೆ ಎರಡನೆಯದು ಅಷ್ಟು ಸತಾಯಿಸಲ್ಲ.

'ಈಗೆಲ್ಲ ರಿಯಾಕ್ಟ್‌ನಲ್ಲೇ ಆಗುತ್ತಂತೆ' ಅನ್ನುವುದು ಈ ಸಾವಿನ ಸುದ್ದಿಯ ತಮ್ಮ. ರಿಯಾಕ್ಟ್ ಅಂದರೆ ಬ್ರೌಸರ್‌ನಲ್ಲಿ ಕಾಣುವ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಸಲಕರಣೆ. ಇದಕ್ಕೆ ಎಪಿಎಂಸಿಗೆ ಹೋಗೋಣ. ದಲಾಲಿ ಮಂಡಿಯ ಬಾಗಿಲ ಮೇಲೆ ಅಂಗಡಿ ಹೆಸರಿನ ಬೋರ್ಡ್ ಇದೆ. ಪೇಂಟರ್ ಒಂದ್ಸಲ ಬರೆದು ಹೋದ, ಮುಗೀತು. ಬರೀ ಎಚ್‌ಟಿಎಂಎಲ್ ಪುಟ ಅಂದರೆ ಅದು. ಒಳಗೆ ಇನ್ನೊಂದು ಕರಿಹಲಗೆ, ಅದರ ಮೇಲೆ ಇವತ್ತಿನ ಮೆಕ್ಕೆಜೋಳದ ರೇಟು. ಅದನ್ನು ಗುಮಾಸ್ತರು ದಿನಾ ಒರೆಸಿ ಬರೆಯುತ್ತಾರೆ. ರೈತ ಬಂದು 'ನನ್ನ ಲೆಕ್ಕ ಎಷ್ಟಾಯ್ತು ಸಾವ್ಕಾರ್ರೇ' ಅಂದರೆ ಖಾತೆ ಪುಸ್ತಕ ತೆಗೆದು, ಅವನ ಪುಟ ಮಾತ್ರ ನೋಡಿ, ಚೀಟಿ ಬರೆದು ಕೊಡುತ್ತಾರೆ. ಪುಸ್ತಕವನ್ನೇ ಎತ್ತಿ ಕೊಡಲ್ಲ. ಆ ಗುಮಾಸ್ತರ ಕೆಲಸವೇ ಪಿಎಚ್‌ಪಿಯದು. ಪುಸ್ತಕ ಡೇಟಾಬೇಸ್. ಬ್ರೌಸರ್‌ಗೆ ಬರುವುದು ಚೀಟಿ. ರಿಯಾಕ್ಟ್ ಆ ಚೀಟಿಯನ್ನು ಚೆಂದ ಮಾಡಿ ತೋರಿಸುತ್ತೆ, ಅಷ್ಟೇ. ಪುಸ್ತಕ ಕಾಯುವವರು ಒಬ್ಬರು ಒಳಗೆ ಇರಲೇಬೇಕು. ಅವರ ಹೆಸರು ಪಿಎಚ್‌ಪಿ ಇರಬಹುದು, ಪೈಥಾನ್ ಇರಬಹುದು, ನೋಡ್ ಇರಬಹುದು.

ಎಲ್ಲಿಂದ ಶುರು ಮಾಡೋದು ಅನ್ನುವುದು ಸುಲಭ. ಝ್ಯಾಂಪ್ (XAMPP) ಹಾಕಿಕೊಳ್ಳಿ, ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುತ್ತೆ. ಫೈಲನ್ನು ಅದರ ಎಚ್‌ಟಿಡಾಕ್ಸ್ ಫೋಲ್ಡರ್ ಒಳಗಿಟ್ಟು ಲೋಕಲ್‌ಹೋಸ್ಟ್ ಅಂತ ಟೈಪ್ ಮಾಡಿ ತೆರೆಯಿರಿ. ಡಬಲ್ ಕ್ಲಿಕ್ ಮಾಡಿದರೆ ಅದು ಗುಮಾಸ್ತರ ಕೈಗೆ ಹೋಗಲ್ಲ, ಓಡಲ್ಲ. ಇದನ್ನು ಕೇಳಿ ಪತ್ರ ಬರೆಯಬೇಡಿ, ದಮ್ಮಯ್ಯ. ಒಂದು ಫಾರ್ಮ್, ಅದರಿಂದ ಬಂದದ್ದನ್ನು ಟೇಬಲ್‌ಗೆ ಸೇರಿಸೋದು, ಪಟ್ಟಿ ತೋರಿಸೋದು, ತಿದ್ದೋದು, ಅಳಿಸೋದು, ಕೊನೆಗೆ ಸೆಷನ್ ಇಟ್ಟು ಲಾಗಿನ್. ಪಾಸ್‌ವರ್ಡನ್ನು ಗುರುತು ಸಿಗದಂತೆ ಮಾಡಿ ಇಡಲು ಹಳೇ ಎಂಡಿ5 ಬೇಡ, ಪಾಸ್‌ವರ್ಡ್_ಹ್ಯಾಶ್ ಬಳಸಿ. ಇಷ್ಟನ್ನು ನೋಟ್ಸ್ ನೋಡದೆ ಬರೆಯಲು ಬಂದ ದಿನ ಲ್ಯಾರವೆಲ್ ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕ್ ಕಡೆ ತಿರುಗಿ. ಅದಕ್ಕೆ ಮೊದಲು ಬೇಡ. ಓದುವುದಕ್ಕೆ ಪಿಎಚ್‌ಪಿಯವರದೇ ಕೈಪಿಡಿ ಇದೆ, ಪುಕ್ಕಟೆ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಉದಾಹರಣೆಗಳನ್ನು ಮೊದಲು ಓಡಿಸಿ ನೋಡಿ, ವಿವರಣೆ ಆಮೇಲೆ ಓದಿ. ಕನ್ನಡ ಮೀಡಿಯಂ ಹುಡುಗರು ಹೀಗೇ ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೇಳಬೇಕಾದವರು ನಾವೇ. ಆ ಫಾರ್ಮ್‌ನಲ್ಲಿ ಹೆಸರನ್ನು ಕನ್ನಡದಲ್ಲಿ ಬರೆದರೆ ಏನಾಗುತ್ತೆ?

'ದಾವಣಗೆರೆ' ಅನ್ನುವ ಪದದ ಉದ್ದ ಎಷ್ಟು ಅಂತ ಪಿಎಚ್‌ಪಿಯನ್ನು ಕೇಳಿ ನೋಡಿ. ಎಸ್‌ಟಿಆರ್‌ಲೆನ್ 24 ಅನ್ನುತ್ತದೆ. ಎಂಬಿ_ಎಸ್‌ಟಿಆರ್‌ಲೆನ್ 8 ಅನ್ನುತ್ತದೆ. ಗ್ರಾಫೀಮ್_ಎಸ್‌ಟಿಆರ್‌ಲೆನ್ 5 ಅನ್ನುತ್ತದೆ. ಮೂರೂ ಸುಳ್ಳಲ್ಲ. ನಮ್ಮ ಕಣ್ಣಿಗೆ ಕಾಣುವುದು ದಾ, ವ, ಣ, ಗೆ, ರೆ, ಐದು. ಎಲ್ಲ ಭಾಷೆಯ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಐದು ಅಕ್ಷರ, ಜೊತೆಗೆ ಒಂದು ದೀರ್ಘ, ಎರಡು ಎತ್ವ, ಒಟ್ಟು ಎಂಟು. ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಹಾಗಾಗಿ ಇಪ್ಪತ್ನಾಲ್ಕು. ಮೊದಲ ಹತ್ತು ಬೈಟ್ ಸಾಕು ಅಂತ ಕತ್ತರಿಸಿದಿರೋ, 'ದಾವ' ಉಳಿದು ಮುಂದಿನ ಣದ ಮೂರು ಬೈಟ್‌ನಲ್ಲಿ ಒಂದೇ ಉಳಿದು, ಅದರ ಜಾಗದಲ್ಲಿ ಕರಿ ಚೌಕದೊಳಗಿನ ಪ್ರಶ್ನೆಚಿಹ್ನೆ ಕಾಣುತ್ತದೆ. ಕತ್ತರಿಸುವುದಿದ್ದರೆ ಎಂಬಿ_ಸಬ್‌ಎಸ್‌ಟಿಆರ್, ಅದಕ್ಕಿಂತ ಒಳ್ಳೆಯದು ಗ್ರಾಫೀಮ್_ಸಬ್‌ಎಸ್‌ಟಿಆರ್. ಇದಕ್ಕೆ ಇಂಟಲ್ (intl) ಎಕ್ಸ್‌ಟೆನ್ಶನ್ ಆನ್ ಮಾಡಿಕೊಳ್ಳಬೇಕು.

ಪಿಎಚ್‌ಪಿ 5 ಆದಮೇಲೆ ಸೀದಾ 7 ಯಾಕೆ, 6 ಎಲ್ಲಿ ಹೋಯ್ತು ಅಂತ ಕ್ಲಾಸಿನಲ್ಲಿ ಒಬ್ಬರಾದರೂ ಕೇಳುತ್ತಾರೆ. ಅದು ಹೋಗಿದ್ದು ಇದೇ ದಾರಿಯಲ್ಲಿ. ಭಾಷೆಯ ಒಳಗೇ ಯೂನಿಕೋಡ್ ತುಂಬಬೇಕು ಅಂತ ಪಿಎಚ್‌ಪಿ 6 ಶುರು ಮಾಡಿದರು. ಕೆಲಸ ಎಳೆದಾಡಿತು, ಓಟ ನಿಧಾನವಾಯಿತು, 2010ರಲ್ಲಿ ಕೈಬಿಟ್ಟರು. ಹಾಗಾಗಿಯೇ ಇವತ್ತಿಗೂ ಈ 'ಎಂಬಿ' ಬಾಲ ನಾವೇ ನೆನಪಿಟ್ಟು ಹಚ್ಚಬೇಕು.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಶುರುವಿನ ದಿನಗಳಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಬುಕಿಂಗ್ ಪುಟ ಮಾಡಿಕೊಟ್ಟೆ. ಫಾರ್ಮ್ ಕನ್ನಡದಲ್ಲಿ, ಪುಟ ಯುಟಿಎಫ್-8, ಎಲ್ಲ ಚೆಂದ. ಟೇಬಲ್ ಮಾತ್ರ ಕನ್ನಡವೇ ಗೊತ್ತಿಲ್ಲದ ಲ್ಯಾಟಿನ್1 ಅನ್ನುವ ಹಳೇ ಅಕ್ಷರ ಪಟ್ಟಿಯಲ್ಲೇ ಇತ್ತು. ಆಗಿನ ಮೈಎಸ್‌ಕ್ಯೂಎಲ್ ಹೇಳದಿದ್ದರೆ ಅದನ್ನೇ ಹಾಕುತ್ತಿತ್ತು. ಮೈಎಸ್‌ಕ್ಯೂಎಲ್ 8.0ರಿಂದ ಯುಟಿಎಫ್8ಎಂಬಿ4, ಅಂದರೆ ಪೂರ್ತಿ ಯುಟಿಎಫ್-8, ತಾನಾಗಿ ಬರುತ್ತೆ. ಎರಡು ವಾರ ಬಿಟ್ಟು ಮ್ಯಾನೇಜರ್ ಫೋನ್ ಮಾಡಿದರು. 'ಸಾರ್, ಮದುವೆ ಯಾರದು ಅಂತ ಗೊತ್ತಾಗ್ತಿಲ್ಲ, ಬರೀ ಪ್ರಶ್ನೆಚಿಹ್ನೆ ಬಂದಾವೆ.' ಹೋಗಿ ನೋಡಿದರೆ ನಿಜವಾಗಲೂ ಅಷ್ಟೇ. ಒಂದು ಹೆಸರಿನ ಜಾಗದಲ್ಲಿ ಆರು ಪ್ರಶ್ನೆಚಿಹ್ನೆ ಸಾಲಾಗಿ ನಿಂತಿದ್ದವು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಕನ್ನಡದ ಬದಲು ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಹೆದರಬೇಡಿ. ಬೈಟ್‌ಗಳು ಹಾಗೇ ಇರುತ್ತವೆ, ಓದುವ ರೀತಿ ತಪ್ಪಾಗಿರುತ್ತದೆ, ಸಾಮಾನ್ಯವಾಗಿ ಸರಿ ಮಾಡಬಹುದು. ಡಿಟಿಪಿ ಅಂಗಡಿಯಿಂದ ತಂದ ಹಳೇ ನುಡಿ ಫಾಂಟಿನ ಬರಹ ಅಂಟಿಸಿದರೂ ಇದೇ ಥರ ಕಾಣುತ್ತೆ. ಅದು ಯೂನಿಕೋಡೇ ಅಲ್ಲ, ಮೊದಲು ಪರಿವರ್ತಕದಲ್ಲಿ ಹಾಕಿ ಬದಲಾಯಿಸಿಕೊಳ್ಳಿ. ಆದರೆ ಟೇಬಲ್ ಒಳಗೇ ಪ್ರಶ್ನೆಚಿಹ್ನೆ ಕೂತಿದ್ದರೆ ಮೂಲ ಅಕ್ಷರ ಹೋಯಿತು ಅಂತಲೇ ಲೆಕ್ಕ. ಆಮೇಲೆ ಟೇಬಲ್‌ನ ಸೆಟ್ಟಿಂಗ್ ಬದಲಾಯಿಸಿದರೂ ಬರಲ್ಲ. ಅದಕ್ಕೇ ಟೇಬಲ್ ಮಾಡುವಾಗಲೇ ಯುಟಿಎಫ್8ಎಂಬಿ4 ಅಂತ ಬರೆಯಿರಿ. ಪಿಡಿಒ ಸಂಪರ್ಕದ ಸಾಲಿನಲ್ಲೂ ಕ್ಯಾರ್‌ಸೆಟ್ ಅಂತ ಅದನ್ನೇ ಕೊಡಿ. ಎರಡು ಕಡೆಯೂ ಬೇಕು.

ಆ ಮಂಟಪದ ಪಟ್ಟಿ ಮುಂದಿಟ್ಟುಕೊಂಡು ನಾನೂ ಮ್ಯಾನೇಜರೂ ಒಂದು ಸಂಜೆ ಕೂತೆವು. ಒಂದು ಚಿಹ್ನೆಗೆ ಒಂದು ಪ್ರಶ್ನೆಚಿಹ್ನೆ ಅಂತ ಲೆಕ್ಕ ಹಾಕಿದೆ. ಆರು ಅಂದರೆ ಬಸವರಾಜ ಆಗಬಹುದು. ನಾಗರಾಜನೂ ಆರೇ. 'ಇಬ್ಬರೂ ನಮ್ಮ ಪಾರ್ಟಿಗಳೇ ಸಾರ್' ಅಂದರು ಅವರು. ಕೊನೆಗೆ ಮುಂಗಡದ ರಶೀದಿ ಪುಸ್ತಕ ಸಿಕ್ಕಿತು. ಕಾರ್ಬನ್ ಕಾಪಿ, ನೀಲಿ ಅಕ್ಷರ, ಒಂದೊಂದೇ ಓದಿ ಮತ್ತೆ ಟೈಪ್ ಮಾಡಿದೆವು. ಆರು ಪ್ರಶ್ನೆಚಿಹ್ನೆಯವರು ನಾಗರಾಜಪ್ಪನವರ ಮನೆಯವರು ಅಂತ ಗೊತ್ತಾಯಿತು. ಫಾರ್ಮ್‌ನಲ್ಲಿ 'ಅಪ್ಪ' ಬಿಟ್ಟಿದ್ದರಂತೆ.